ಮೇಡಂ ‘ಪರವಾಗಿಲ್ಲ’ ಅಂದ ಊಟಗಳು

ಒಳ್ಳೆ ಊಟ ಎಲ್ಲಿ ಸಿಗುತ್ತೆ ಅಂತ ಕಂಡಕಂಡವರಿಗೆಲ್ಲ ತೋರಿಸುವ ಚಟ ಇದ್ದವನಿಗೆ ಇಂಥವು ಆಗುತ್ತಲೇ ಇರುತ್ತವೆ, ಅದರಲ್ಲೂ ನನಗೆ ವಾರಕ್ಕೊಂದು ತಪ್ಪಿದ್ದಲ್ಲ. ನಾನು ಸರ್ಕಾರಿ ಜೀಪಿನ ಡ್ರೈವರು. ಇಲಾಖೆಯ ಹೆಸರು ಬೇಡ, ಊರೂರು ಸುತ್ತಿ ತಪಾಸಣೆ ಮಾಡುವ ಇಲಾಖೆ ಅಂದರೆ ಸಾಕು. ಇಪ್ಪತ್ತೆರಡು ವರ್ಷದಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿದ್ದೇನೆ. ಯಾವ ಗಲ್ಲಿಯಲ್ಲಿ ಎಷ್ಟು ಹೊತ್ತಿಗೆ ಸಾರಿನ ಪಾತ್ರೆ ಇಳಿಸುತ್ತಾರೆ ಅನ್ನುವುದು ನನಗೆ ಬಾಯಿಪಾಠ. ಬಂದ ಸಾಹೇಬರನ್ನೆಲ್ಲ ನಾನು ಗೆದ್ದಿದ್ದು ಊಟದಲ್ಲೇ.

ಕಳೆದ ವರ್ಷ ಹೊಸ ಮೇಡಂ ಬಂದರು. ಅವರ ಹಿಂದೆಯೇ ಮೇಲಿನಿಂದ ಒಂದು ಕಾಗದವೂ ಬಂತು. ನಮ್ಮ ಆಫೀಸಿನ ಎರಡು ಜೀಪಿನಲ್ಲಿ ಒಂದನ್ನು ಡ್ರೈವರ್ ಸಮೇತ ಬೀದರಿಗೆ ಕಳಿಸಬೇಕು, ಯಾವ ಡ್ರೈವರು ಅನ್ನುವುದನ್ನು ಮೇಡಮ್ಮೇ ಬರೆದು ತಿಳಿಸಬೇಕು. ಒಬ್ಬ ನಾನು, ಇನ್ನೊಬ್ಬ ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಕಮ್ಮಿ, ಜೀಪು ಫಳಫಳ. ನನ್ನ ಹೆಂಡತಿ ಅಂಗನವಾಡಿ ಸಹಾಯಕಿ, ಮಗಳು ಹತ್ತನೇ ಕ್ಲಾಸು. ಇಬ್ಬರೂ ಮಂಡ್ಯ ಬಿಟ್ಟು ಕದಲುವ ಹಾಗಿಲ್ಲ. ಬೀದರಿಗೆ ಹೋದರೆ ಒಬ್ಬನೇ ಹೋಗಬೇಕು. 

ಮೇಡಂ ತಂದೆ ರೈಲ್ವೆಯಲ್ಲಿದ್ದವರಂತೆ. ಹೊರ ರಾಜ್ಯಗಳಲ್ಲಿ, ಹಾಸ್ಟೆಲುಗಳಲ್ಲಿ ಬೆಳೆದವರು. ಕನ್ನಡ ಶುದ್ಧ, ಮುಖ ಗಟ್ಟಿ. ಊಟ ಎಂಥದ್ದೇ ಇರಲಿ, ಮುಗಿದ ಮೇಲೆ ಬರುತ್ತಿದ್ದುದು ಒಂದೇ ಮಾತು, "ಪರವಾಗಿಲ್ಲ." ಆ ಮಾತು ಬಂದ ದಿನ ಸಂಜೆಯೊಳಗೆ ಯಾರಿಗಾದರೂ ಒಂದು ನೋಟಿಸು ಗ್ಯಾರಂಟಿ.

ವಡೆ

ಮೊದಲ ಪ್ರಯತ್ನ ಮದ್ದೂರಿನಲ್ಲಿ. "ಇಲ್ಲಿ ಎಲ್ಲಾ ಅಂಗಡಿಯಲ್ಲೂ ಒರಿಜಿನಲ್ ಅಂತ ಬೋರ್ಡಿದೆಯಲ್ಲ, ನಿಜವಾದ್ದು ಯಾವುದು?" ಅಂತ ಮೇಡಂ ಕೇಳಿದರು. ನನಗೆ ಬೇಕಾಗಿದ್ದೂ ಅದೇ. ಹೆದ್ದಾರಿ ಬಿಟ್ಟು ಊರೊಳಗೆ ಜೀಪು ತಿರುಗಿಸಿದೆ. ಅಲ್ಲಿ ಒಂದು ಸಂದಿಯಲ್ಲಿ ಮೂರು ಪುಟ್ಟ ಅಂಗಡಿ ಸಾಲಾಗಿವೆ. ಮೊದಲನೆಯದರಲ್ಲಿ ಈರುಳ್ಳಿ ಕೆಂಪಗೆ ಹುರಿದು, ವಡೆ ಒಡೆದರೆ ಪಟ್ ಅನ್ನಬೇಕು, ಹಾಗೆ ಮಾಡುತ್ತಾರೆ.

ಜೀಪು ನಿಲ್ಲಿಸಿದೆ. ಮೇಡಂ ಕೈಯಲ್ಲಿ ನೋಟ್ ಪುಸ್ತಕ ಹಿಡಿದು ಇಳಿದರು. ಅಂಗಡಿಯವನು ಸರ್ಕಾರಿ ಜೀಪು ನೋಡಿದ, ಪುಸ್ತಕ ನೋಡಿದ, ಮೇಡಂ ಮುಖ ನೋಡಿದ. ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ಒಳಗೆ ಒಯ್ದವನೇ ಷಟರ್ ಎಳೆದುಬಿಟ್ಟ. ಎರಡನೆಯವನು ಎಣ್ಣೆ ಡಬ್ಬಕ್ಕೆ ಗೋಣಿಚೀಲ ಮುಚ್ಚಿ ಷಟರ್ ಎಳೆದ. ಮೂರನೆಯವನು ನಾವು ಅತ್ತ ತಿರುಗುವ ಮೊದಲೇ ಎಳೆದಿದ್ದ.

"ಇಲ್ಲಿ ಹನ್ನೊಂದು ಗಂಟೆಗೇ ಅಂಗಡಿ ಮುಚ್ತಾರಾ?" ಅಂದರು ಮೇಡಂ.

ನಾನು ಮೊದಲನೆಯ ಷಟರು ತಟ್ಟಿ, "ನಾನು ಕಣಣ್ಣ, ವಡೆ ತಿನ್ನಕ್ಕೆ ಬಂದಿವ್ನಿ" ಅಂದೆ. ಒಳಗಿನಿಂದ ಪಿಸುದನಿ ಬಂತು. "ಗೊತ್ತು ಕಣ್ಲಾ. ಆ ಯಮ್ಮನ್ನ ಕರ್ಕೊಂಡು ಓಗು. ನಂಗೆ ಮಕ್ಕಳವೆ."

ಕೊನೆಗೆ ಷಟರಿನ ಕೆಳಗಿನ ಸಂದಿಯಿಂದ ಒಂದು ಪೊಟ್ಟಣ ಹೊರಗೆ ಜಾರಿತು. ಎರಡು ವಡೆ, ತಣ್ಣಗಿದ್ದವು. ಅಷ್ಟು ಹೊತ್ತಿಗೆ ಇಪ್ಪತ್ತು ಜನ ಸೇರಿ ಮೇಡಂ ಬಾಯನ್ನೇ ನೋಡುತ್ತಿದ್ದರು. ಅವರು ಒಂದು ಚೂರು ಮುರಿದು ತಿಂದು, "ಪರವಾಗಿಲ್ಲ" ಅಂದರು. ಸಂಜೆ ನನಗೆ ನೋಟಿಸು ಬಂತು, ಜೀಪಿನ ಮ್ಯಾಟು ಗಲೀಜಾಗಿದೆ ಅಂತ. ಆ ಮ್ಯಾಟಿನ ಮೇಲೆ ಬಿದ್ದಿದ್ದುದು ಅದೇ ವಡೆಯ ಪುಡಿ.

ಮುದ್ದೆ

ಎರಡನೇ ಸಲ ಮಂಡ್ಯದಲ್ಲೇ, ನನ್ನ ಖಾಸಾ ಮಿಲಿಟರಿ ಹೋಟೆಲಿಗೆ ಕರೆದೊಯ್ದೆ. ಬಿಸಿ ಮುದ್ದೆ, ನಾಟಿಕೋಳಿ ಸಾರು. ಮೇಡಂ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು, ಅದು ಮುಗಿಯಲೇ ಇಲ್ಲ.  ಮುದ್ದೆ ಅಗಿಯುವುದಲ್ಲ, ನುಂಗುವುದು ಅಂತ ಮೊದಲೇ ಹೇಳಬೇಕಿತ್ತು. ಈಗ ಹೇಳಿದರೆ ಅಧಿಕಾರಿಗೆ ಊಟ ಕಲಿಸಿದ ಹಾಗಾಗುತ್ತದೆ.

ನಾನು ಹೇಳದಿದ್ದರೇನು, ಕೆರಗೋಡಿನ ಕಡೆಯ ರೈತರೊಬ್ಬರು ಎದುರಿನ ಬೆಂಚಿನಲ್ಲಿ ಕೂತಿದ್ದರು. ತಮ್ಮ ತಟ್ಟೆ ಬಿಟ್ಟು ಎದ್ದು ಬಂದರು. "ಅಗೀಬ್ಯಾಡಿ ಕಣಮ್ಮ. ಇಂಗೆ ಮುರುದು, ಸಾರಿಗದ್ದಿ, ಗುಳಕ್ ಅಂತ ನುಂಗ್ಬೇಕು, ನೋಡಿ." ನುಂಗಿ ತೋರಿಸಿದರು. ಪಕ್ಕದ ಬೆಂಚಿನವರೂ ನುಂಗಿ ತೋರಿಸಿದರು. ಸಾರು ಬಡಿಸುವವನು ಸೌಟು ಹಿಡಿದು ನಿಂತ. ಇಡೀ ಹೋಟೆಲು ಮೇಡಂ ಗಂಟಲನ್ನು ನೋಡುತ್ತ ಕಾಯುತ್ತಿತ್ತು.

ಮೇಡಂ ಕೈ ತೊಳೆದು ಹೊರಗೆ ಬಂದುಬಿಟ್ಟರು. "ನೋಡಿ, ಜನ ನೋಡ್ತಾ ಇದ್ದರೆ ನನಗೆ ಊಟ ಇಳಿಯೋದಿಲ್ಲ. ಚಿಕ್ಕಂದಿನಿಂದ ಹಾಗೇ" ಅಂದರು. ಆ ದಿನ ‘ಪರವಾಗಿಲ್ಲ’ ಅನ್ನುವುದೂ ಬರಲಿಲ್ಲ, ಅದಕ್ಕೇ ನನಗೆ ಜಾಸ್ತಿ ಹೆದರಿಕೆಯಾಯಿತು. ಜೀಪು ಹತ್ತುವಾಗ ಆ ರೈತರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಮೆಲ್ಲಗೆ ಕೇಳಿದರು. "ಪಾಪ, ಗಂಟ್ಲು ಆಪ್ರೇಸನ್ ಆಗದಾ ಆ ಯಮ್ಮಂಗೆ?"

ಪರದೆ

ಸರಿ, ಕಾಯಿಲೆ ಏನು ಅಂತ ಗೊತ್ತಾಯಿತಲ್ಲ, ಇನ್ನು ಮದ್ದು ಸುಲಭ ಅಂದುಕೊಂಡೆ. ಮಳವಳ್ಳಿಯಲ್ಲಿ ಒಬ್ಬರು ಭಾಯಿ ಇದ್ದಾರೆ. ಅವರ ಅಣ್ಣಂದಿರೆಲ್ಲ ಗ್ಯಾರೇಜು, ಇವರೊಬ್ಬರು ಬಿರಿಯಾನಿ. ಮಧ್ಯಾಹ್ನ ಒಂದೇ ಹಂಡೆ, ಅದು ಮುಗಿದರೆ ಬಾಗಿಲು ಬಂದ್. ಹಲಗೂರು ದಾಟುತ್ತಿದ್ದಂತೆ ಫೋನು ಮಾಡಿದೆ. "ಭಾಯಿ, ಎರಡು ಪ್ಲೇಟು ಎತ್ತಿಡಿ. ನಮ್ಮ ಮೇಡಂಗೆ ಯಾರೂ ನೋಡಬಾರದು, ಒಂಚೂರು ಮರೆ ಮಾಡಿ."

"ಆಯ್ತು ಬುಡಣ್ಣ, ಟೆನ್ಸನ್ ತಗೋಬ್ಯಾಡ" ಅಂದರು.

ಹೋಗಿ ನೋಡಿದರೆ, ಒಂದು ಟೇಬಲಿನ ಸುತ್ತ ನಾಲ್ಕು ಕಂಬ ನಿಲ್ಲಿಸಿ ಹೂವಿನ ಚಿತ್ತಾರದ ಬೆಡ್‌ಶೀಟು ಕಟ್ಟಿದ್ದರು. ಮೇಡಂ ಒಳಗೆ ಹೋಗಿ ಕೂತರು. ತಟ್ಟೆ ಹೋಯಿತು. ನಾನು ಹೊರಗೆ ನಿಂತೆ. ಆಗ ಎದುರು ಬಸ್ಸಿಗೆ ಕಾಯುತ್ತಿದ್ದವರಲ್ಲಿ ಯಾರೋ, "ಒಳಗೆ ಯಾರ್ಲಾ?" ಅಂದ. ಇನ್ನೊಬ್ಬ, "ಪರದೆ ಕಟ್ಟವ್ರೆ ಅಂದ್ರೆ ಈರೋಯಿನ್ನೇ ಕಣ್ಲಾ" ಅಂದ. ಐದು ನಿಮಿಷದಲ್ಲಿ ಅರ್ಧ ಬಸ್‌ಸ್ಟ್ಯಾಂಡು ಅಲ್ಲಿತ್ತು. ಬಸ್ಸು ಬಂದು ಹಾರ್ನು ಹೊಡೆದರೂ ಯಾರೂ ಹತ್ತಲಿಲ್ಲ, ಕಂಡಕ್ಟರೂ ಇಳಿದು ಬಂದ. ಭಾಯಿ ಎರಡೂ ಕೈ ಚಾಚಿ ಪರದೆಗೆ ಅಡ್ಡ ನಿಂತರು. ಹಾಗೆ ನಿಂತದ್ದರಿಂದ ಮಿಕ್ಕ ಅನುಮಾನವೂ ಹೋಯಿತು.

ಅಷ್ಟರಲ್ಲಿ ಒಬ್ಬ ಅಜ್ಜಿ ಭಾಯಿಯ ಕಂಕುಳ ಕೆಳಗೆ ನುಗ್ಗಿ ಬೆಡ್‌ಶೀಟು ಎತ್ತಿ, ತಲೆ ಒಳಗೆ ತೂರಿಸಿ, ಸಾವಧಾನವಾಗಿ ನೋಡಿದರು. ಆಮೇಲೆ ಪರದೆ ಇಳಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇವ್ಳು ಯಾವ್ ಪಿಚ್ಚರ್ನಾಗೂ ಇಲ್ಲ ಕಣ್ರಲಾ. ಉಣ್ಲಿ, ಬನ್ನಿ."

ಎಡೆ

ಇಷ್ಟರಲ್ಲಿ ಹೆಸರು ಕಳಿಸುವ ಗಡುವು ಹತ್ತಿರ ಬಂತು. ಇನ್ನೊಬ್ಬ ಡ್ರೈವರು ಊಟದ ಗೊಡವೆಗೇ ಹೋಗಿರಲಿಲ್ಲ. ಮೇಡಂ ಡಬ್ಬಿ ತಂದ ದಿನ ಮರದ ನೆರಳಲ್ಲಿ ಜೀಪು ನಿಲ್ಲಿಸಿ ತಾನು ದೂರ ಹೋಗಿ ಕೂರುತ್ತಿದ್ದ. ಅವನೇ ಬುದ್ಧಿವಂತ ಅಂತ ನನಗೆ ಆಗ ಹೊಳೆಯಿತು. ಗಡುವಿಗೆ ಎರಡು ದಿನ ಇರುವಾಗ ಬಸರಾಳಿನ ಕಡೆ ತಪಾಸಣೆ ಬಿತ್ತು, ಅದೂ ನನ್ನ ಜೀಪಿನಲ್ಲೇ.

ಪಿತೃಪಕ್ಷದ ಬುಧವಾರ ಅದು. ಹೋಟೆಲಿನ ಅಡಿಗೆಯವರೆಲ್ಲ ಹಿರಿಯರಿಗೆ ಎಡೆ ಇಡಲು ಊರಿಗೆ ಹೋಗಿದ್ದರು. ನೋಡಿದ ಮೂರೂ ಕಡೆ ಬೀಗ. ಗಂಟೆ ಎರಡಾಯಿತು. ಅಲ್ಲೇ ಹತ್ತಿರದ ಹಳ್ಳಿಯಲ್ಲಿ ನನ್ನ ಹೆಂಡತಿಯ ಸೋದರಮಾವನ ಮನೆ. ಪಕ್ಷದ ದಿನ ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸುವವರಲ್ಲ. ಫೋನು ಮಾಡಿದೆ. ಮೇಡಂಗೂ ಹೇಳಿದೆ, "ಅಲ್ಲಿ ನಿಮಗೆ ಒಳಗಡೆ, ಒಬ್ಬರಿಗೇ ಎಲೆ ಹಾಕಿಸ್ತೀನಿ ಮೇಡಂ. ಒಂದು ನೊಣವೂ ನೋಡಲ್ಲ." ಈ ಮಾತೇ ನನ್ನ ಕುತ್ತಿಗೆಗೆ ಬಂತು.

ನಾವು ಹೋಗುವಾಗ ಎಡೆ ಇಡುವ ಹೊತ್ತು. ಮಾವನ ಸೊಸೆ ಮೇಡಂಗೆ, "ಇತ್ಲಲ್ಲಿ ನೀರಿದೆ, ಕೈಕಾಲು ತೊಳ್ಕೊಳ್ಳಿ" ಅಂತ ಹಿಂದಿನ ದಾರಿ ತೋರಿಸಿದಳು. ಮಾವ ನಡುಮನೆಯಲ್ಲಿ ತಮ್ಮ ಹೆಂಡತಿಯ ಫೋಟೋದ ಮುಂದೆ ಬಾಳೆಎಲೆ ಹಾಸಿ, ಅತ್ತೆಗೆ ಏನೇನು ಇಷ್ಟವಿತ್ತೋ ಎಲ್ಲ ಬಡಿಸಿದರು. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಎಲೆಅಡಿಕೆ, ಒಂದು ತುಂಡು ಹೊಗೆಸೊಪ್ಪು. ದೀಪ ಹಚ್ಚಿ ಎಲ್ಲರೂ ಹೊರಗೆ ಬಂದೆವು. ಮುಂಬಾಗಿಲು ಎಳೆದರು. ಸತ್ತವರು ಬಂದು ಉಣ್ಣುವ ಹೊತ್ತು ಅದು, ಯಾರೂ ನೋಡಬಾರದು.

ಅತ್ತೆ ಹೋಗಿ ಮೂರು ವರ್ಷ. ಪ್ರತಿ ಸಲ ಬಾಗಿಲು ತೆಗೆದ ತಕ್ಷಣ ಮಾವ ಎಲೆಯ ಹತ್ತಿರ ಬಗ್ಗಿ ನೋಡುತ್ತಾರೆ, ಮುದ್ದೆಯ ಮೂಲೆಯಾದರೂ ಮುರಿದಿದೆಯಾ ಅಂತ. ಜಗಲಿಯಲ್ಲಿ ಅವರ ಪಕ್ಕ ಕೂತು ಅದನ್ನೇ ನೆನೆಯುತ್ತಿದ್ದವನಿಗೆ ಥಟ್ಟನೆ ಇನ್ನೊಂದು ನೆನಪಾಯಿತು. ಮೇಡಂ ಎಲ್ಲಿ? ಹಿತ್ತಲಿಂದ ಬರುವ ದಾರಿ ನಡುಮನೆಯ ಮೇಲೇ ಅಲ್ಲವಾ? ಏಳೋಣ ಅಂದರೆ ಬಾಗಿಲು ತೆಗೆಯುವ ಹಾಗಿಲ್ಲ. ಕೂರೋಣ ಅಂದರೆ ಕೂರಲಾಗದು. 

ಹದಿನೈದು ನಿಮಿಷದ ಮೇಲೆ ಮೇಡಂ ಮನೆಯ ಪಕ್ಕದ ಓಣಿಯಿಂದ ಸುತ್ತಿಕೊಂಡು ಬಂದರು, ಕರ್ಚೀಫಿನಲ್ಲಿ ಬಾಯಿ ಒರೆಸುತ್ತ. ಮುಖದಲ್ಲಿ ನಾನು ಅಲ್ಲಿಯವರೆಗೆ ಕಾಣದ ಒಂದು ನೆಮ್ಮದಿ.

ಮಾವ ಬಾಗಿಲು ತಳ್ಳಿದರು. ಎಲೆ ಖಾಲಿ. ಮುದ್ದೆಯಿಲ್ಲ, ವಡೆಯಿಲ್ಲ, ಕೋಳಿಯ ಮೂಳೆ ಮಾತ್ರ ಮೂಲೆಯಲ್ಲಿ ನೀಟಾಗಿ ಸೇರಿಸಿಟ್ಟಿತ್ತು. ಮಾವ ಹೊಸಿಲ ಮೇಲೇ ಕೂತುಬಿಟ್ಟರು. "ಬಂದಿದ್ಲು ಕಣವ್ವ. ನಮ್ಮೋಳು ಬಂದು ಉಂಡೋಗವ್ಳೆ." ಅವರ ಕಣ್ಣಲ್ಲಿ ನೀರು. ಮೇಡಂ ಮುಖದ ಬಣ್ಣ ಇಳಿಯಿತು. ಫೋಟೋ ನೋಡಿದರು, ನನ್ನನ್ನು ನೋಡಿದರು. ನಾನು ಬಾಯಿ ಬಿಟ್ಟರೆ ಮೇಡಂ ಮಾನ ಹೋಗುತ್ತದೆ, ಮಾವನ ಸಂತೋಷವೂ ಹೋಗುತ್ತದೆ. ಮುಚ್ಚಿಕೊಂಡೆ.

ಸೊಸೆ ಬಗ್ಗಿ ನೋಡಿ, "ಮಾವ, ಒಗೆಸೊಪ್ ಮಾತ್ರ ಮುಟ್ಟಿಲ್ಲ" ಅಂದಳು.

ಮಾವ ಕಣ್ಣೊರೆಸಿಕೊಂಡು, "ನಲವತ್ ವರ್ಸ ಬುಡೇ ಬುಡೇ ಅಂತ ಬಡ್ಕೊಂಡೆ. ಈಗ ಬುಟ್ಟವ್ಳೆ" ಅಂದರು.

ಅಲ್ಲಿಗೆ ಮುಗಿಯಲಿಲ್ಲ. ನಮಗೂ ಬಂದಿದ್ದ ನೆಂಟರಿಗೂ ಎಲೆ ಹಾಕಿದರು, ಮೇಡಂಗೆ ನಡುವೆ ಜಾಗ. "ಎಡೆಗೆ ಮುಂಚೆ ನಾವು ರುಚಿ ನೋಡಂಗಿಲ್ಲ ಕಣಮ್ಮ. ಉಪ್ಪು ಎಚ್ಚುಕಮ್ಮಿ ಆಗಿದ್ರೆ ಯೋಳಿ" ಅಂತ ಸೊಸೆ ಸಾರು ಹಿಡಿದು ಬಂದಳು. ಎಲೆಗೆ ಇನ್ನೂ ಒಂದು ತೊಟ್ಟು ಬಿದ್ದಿರಲಿಲ್ಲ, ಮೇಡಂ ಅಭ್ಯಾಸಬಲದಿಂದ, "ಉಪ್ಪು ಸ್ವಲ್ಪ ಕಮ್ಮಿ ಇದೆ" ಅಂದುಬಿಟ್ಟರು.

ಎಲ್ಲರ ಕೈ ನಿಂತಿತು. ಮಾವ ನಿಧಾನಕ್ಕೆ ತಲೆ ಎತ್ತಿದರು. ನನ್ನ ಕಣ್ಣ ಮುಂದೆ ಬೀದರಿನ ಬೋರ್ಡು ಬಂದು ನಿಂತಿತು. "ನಮ್ಮ ಮೇಡಂ ಬಣ್ಣ ನೋಡೇ ಹೇಳಿಬಿಡ್ತಾರೆ ಮಾವ" ಅಂದೆ. "ಇಪ್ಪತ್ತು ವರ್ಷದ ತಪಾಸಣೆ ಸರ್ವಿಸು."

ಮಾವ ಬೆರಳದ್ದಿ ನೆಕ್ಕಿದರು. "ದಿಟ" ಅಂದರು. ಅಷ್ಟೇ ಅಂದರು. ಆಮೇಲೆ ಮೇಡಂ ಇಪ್ಪತ್ತು ಜನರ ಕಣ್ಣೆದುರು ಎರಡನೇ ಸಲ ಪೂರ್ತಿ ಉಂಡರು, ಮುದ್ದೆಯನ್ನು ಗುಳಕ್ ಗುಳಕ್ ಅಂತ ನುಂಗಿದರು. ಒಂದು ಅಗುಳು ಬಿಡುವ ಧೈರ್ಯ ಅವರಿಗಿರಲಿಲ್ಲ.

 ವಾಪಸು ಬರುವಾಗ ಹಿಂದಿನ ಸೀಟಿನಿಂದ, "ಒಬ್ಬರಿಗೇ ಎಲೆ ಹಾಕಿಸ್ತೀನಿ ಅಂದಿದ್ದು ನೀವೇ" ಅಂತ ಬಂತು.

"ಫೋಟೋ ಇತ್ತಲ್ಲ ಮೇಡಂ."

"ಮನೆ ಯಜಮಾನಿ ಅಂದುಕೊಂಡೆ. ಹೊಗೆಸೊಪ್ಪು ನೋಡಿದಾಗ ಅನುಮಾನ ಬಂತು. ಅಷ್ಟರಲ್ಲಿ ಊಟ ಮುಗಿದಿತ್ತು." ಆಮೇಲೆ ಹೇಳಿದರು, "ಊಟ ತುಂಬಾ ಚೆನ್ನಾಗಿತ್ತು."

ಎರಡು ದಿನಕ್ಕೆ ಆ ಹೆಸರು ಹೋಯಿತು, ಇನ್ನೊಬ್ಬ ಡ್ರೈವರದು. ಅವನ ಹೆಂಡತಿಯ ತವರು ಆ ಕಡೆಯೇ ಅಂತೆ, ಕುಣಿದುಕೊಂಡು ಹೋದ. ನನಗದು ಗೊತ್ತೇ ಇರಲಿಲ್ಲ. ಮೇಡಂ ನನ್ನನ್ನು ಒಳಗೆ ಕರೆದು, "ನಿಮ್ಮ ಕೆಲಸ ಮೆಚ್ಚಿ ಉಳಿಸಿಕೊಂಡೆ ಅಂದುಕೊಳ್ಳಬೇಡಿ. ನಿಮ್ಮನ್ನ ಬೇರೆ ಜಿಲ್ಲೆಗೆ ಕಳಿಸಿದರೆ ಅಲ್ಲಿ ಯಾರ್ಯಾರಿಗೆ ಹೇಳ್ತೀರೋ" ಅಂದರು.

ಈ ವರ್ಷ ಪಕ್ಷದ ಹಿಂದಿನ ದಿನ ಮಾವ ಫೋನು ಮಾಡಿದರು. "ಅಳಿಮಯ್ಯ, ನಾಳೀಕೆ ಎಡೆ. ಆ ಮೇಡಮ್ಮನ್ನೂ ಕರ್ಕೊಂಡು ಬಾ."

"ಅವರಿಗೆ ಕೆಲಸ ಇರುತ್ತೆ ಮಾವ" ಅಂದೆ.

"ಬರ್ನೇಬೇಕು ಅಂತೇಳು. ನಿಮ್ಮತ್ತೆಗೂ ಜೊತೆ ಆಯ್ತದೆ. ಇತ್ಲ ಬಾಗ್ಲು ತೆಗ್ದೇ ಇಡ್ತೀನಿ. ಈ ಸಲ ಉಪ್ಪು ಸರ್ಯಾಗಿ ಆಕುಸ್ತೀನಿ, ಒಗೆಸೊಪ್ ಇಡಕಿಲ್ಲ."