ನವಾಬನಿಗೆ ಹೊಸ ನೀರು

ಅತಿಯಾದ ಶುಚಿತ್ವವೂ ಒಂದು ಕಾಯಿಲೆಯೇ ಎಂದು ಯಾರಾದರೂ ಹೇಳಿದರೆ ನಾನೀಗ ವಾದಕ್ಕಿಳಿಯುವುದಿಲ್ಲ. ಆ ಕಾಯಿಲೆ ನನಗೆ ಅಂಟಿದ್ದು ಕಾನ್ವೆಂಟಿನಲ್ಲಿ. ಸಿಸ್ಟರ್ ಒಬ್ಬರು ಪ್ರತಿ ಬೆಳಿಗ್ಗೆ ನಮ್ಮ ಉಗುರು, ಕಾಲರ್, ವಾಟರ್ ಬಾಟಲ್ ಎಲ್ಲವನ್ನೂ ಇನ್ಸ್‌ಪೆಕ್ಟ್ ಮಾಡುತ್ತಿದ್ದರು. 'ಫ್ರೆಶ್ ವಾಟರ್, ಗರ್ಲ್ಸ್!' ಎಂಬ ಅವರ ಹಾಡಿನಂಥ ದನಿ ಈಗಲೂ ಒಮ್ಮೊಮ್ಮೆ ಅಡುಗೆಮನೆಯಲ್ಲಿ ಕೇಳಿದಂತಾಗಿ, ಚೊಂಬು ಹಿಡಿದವಳು ಹಾಗೇ ನಿಂತುಬಿಡುತ್ತೇನೆ. ಆಮೇಲೆ ಸೇರಿದ ಅತ್ತೆಮನೆಯಲ್ಲೂ ಅದೇ ಪಾಠ: ನಲ್ಲಿ ಬಂದ ದಿನ ಹಳೇ ನೀರನ್ನೆಲ್ಲ ಚೆಲ್ಲಿ, ಕೊಡ ತಿಕ್ಕಿ, ಹೊಸ ನೀರು ತುಂಬಬೇಕು. ಸಿಸ್ಟರೂ ನಮ್ಮತ್ತೆಯೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಆದರೂ ಇಬ್ಬರೂ ಮಾತಾಡಿಕೊಂಡಂತೆ ನನ್ನನ್ನು ತಯಾರು ಮಾಡಿದರು. ಮನೆಯಲ್ಲಿ ಈ ಧರ್ಮಕ್ಕೆ ಸೇರದವರು ನಮ್ಮವರೊಬ್ಬರೇ. ಬಚ್ಚಲಮನೆಯ ಅವರ ನೀಲಿ ಡ್ರಮ್ಮಿನ ನೀರು ಯಾವ ಕಾಲದ್ದೆಂದು ಹೇಳುವುದು ಕಷ್ಟ. ಅದಕ್ಕಾಗಿ ನಾವು ಮದುವೆಯಾದಾಗಿನಿಂದ ಜಗಳವಾಡುತ್ತಿದ್ದೇವೆ.

ಹೀಗಿರುವಾಗ ಪಕ್ಕದ ಮನೆಯ ಜುಬೇದಾ, ಹೆರಿಗೆಯಾದ ಮಗಳನ್ನು ನೋಡಿಕೊಳ್ಳಲು ಹರಿಹರಕ್ಕೆ ಹೊರಟಳು. ಹೊರಡುವಾಗ ತನ್ನ ಗೋಲ್ಡ್ ಫಿಶ್ಶನ್ನು ಗಾಜಿನ ತೊಟ್ಟಿ ಸಮೇತ ನಮ್ಮ ಹಾಲಿನಲ್ಲಿ ತಂದಿಟ್ಟಳು. ಹೆಸರು ನವಾಬ. "ಅಕ್ಕಾರೆ, ನಮ್ಮನೆಯವ್ರು ಹೋದಮ್ಯಾಗ ಊಟಕ್ಕೆ ಕೂತಾಗ ನನ್ನೆದುರಿಗೆ ಇರೋನು ಇವನೊಬ್ನೇ. ಹುಷಾರ್ ನೋಡ್ಕೊಳ್ರಿ" ಎಂದಳು. "ಡೋಂಟ್ ವರಿ, ಡಿಯರ್" ಎಂದೆ. ಏನು ಧೈರ್ಯ ನನ್ನದು!

ಒಂದು ಬೆಳಿಗ್ಗೆ ನವಾಬನ ಕೆನ್ನೆಯ ಮೇಲೆ ಸಾಬಕ್ಕಿಯಂಥ ಬಿಳಿ ಚುಕ್ಕಿಗಳು ಕಂಡವು. ಮೊಬೈಲಿನಲ್ಲಿ ಮೀನಿನ ರೋಗಗಳನ್ನು ಓದಲು ಕೂತೆ. ವೈಟ್ ಸ್ಪಾಟ್ ಎಂಬುದು ಖಾತ್ರಿಯಾಯಿತು. ರೆಕ್ಕೆಯ ಅಂಚು ಸ್ವಲ್ಪ ಹರಿದಂತಿತ್ತು, ಹಾಗಾಗಿ ಫಿನ್ ರಾಟ್ ಕೂಡ. ಹೊಟ್ಟೆ ಉಬ್ಬಿದ್ದರೆ ಡ್ರಾಪ್ಸಿ ಎಂದಿತ್ತು. ನವಾಬನನ್ನೊಮ್ಮೆ, ಸೋಫಾದ ಮೇಲಿದ್ದ ನಮ್ಮವರನ್ನೊಮ್ಮೆ ನೋಡಿದೆ. ಎಲ್ಲ ರೋಗಕ್ಕೂ ಕೊಳೆ ನೀರೇ ಮೂಲ ಎಂದು ಓದಿದ್ದೇ ತಡ, ಸೆರಗು ಕಟ್ಟಿ ಎದ್ದೆ. ಪುಣ್ಯಕ್ಕೆ ಅವತ್ತೇ ನಲ್ಲಿ ಬಂದಿತ್ತು. ತೊಟ್ಟಿಯ ನೀರನ್ನೆಲ್ಲ ಗುಲಾಬಿ ಗಿಡಕ್ಕೆ ಸುರಿದು, ಗಾಜು ತಿಕ್ಕಿ, ಬ್ಲೀಚಿಂಗ್ ಪೌಡರಿನ ವಾಸನೆ ಘಮ್ಮೆನ್ನುವ ಹೊಸ ನೀರು ತುಂಬಿದೆ. ಸಿಸ್ಟರ್ ನೋಡಿದ್ದರೆ ಸ್ಟಾರ್ ಕೊಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ನವಾಬ ಮೇಲಕ್ಕೆ ಬಂದು ಬಾಯಿ ಕಳೆದು ಏದುಸಿರು ಬಿಡತೊಡಗಿದ. ಹರಿಹರಕ್ಕೆ ಫೋನ್ ಮಾಡಿದೆ.

"ನೀರು ಎಷ್ಟು ತೆಗುದ್ರಿ?"

"ಎಲ್ಲಾ."

"ಎಲ್ಲಾನೂ? ಫಿಲ್ಟರ್ ಒಳಗಿನ ಸ್ಪಂಜು?"

"ಸೋಪು ಹಚ್ಚಿ ತೊಳೆದು ಬಿಸಿಲಿಗೆ ಒಣಹಾಕಿದೀನಿ."

"ಯಾ ಅಲ್ಲಾ! ನೀರು ಚೊಕ್ಕ ಇಡೋ ಒಳ್ಳೇ ಕ್ರಿಮಿ ಅದರಾಗೇ ಇರ್ತಾವ್ರಿ! ಮೊದ್ಲು ಅವನ್ನ ಹಳೇ ನೀರಿಗೆ ಬಿಡ್ರಿ. ನಿಂತು ವಾಸನೆ ಹೋಗಿರೋ ನೀರು."

ಒಳ್ಳೇ ಕ್ರಿಮಿ! ಆ ಎರಡು ಮಾತನ್ನು ಒಟ್ಟಿಗೆ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅದಿರಲಿ, ಹಳೇ ನೀರನ್ನು ಎಲ್ಲಿಂದ ತರಲಿ? ನನ್ನ ಮನೆಯಲ್ಲಿ! ಅಳುವುದೊಂದು ಬಾಕಿ. ಆಗ ನಮ್ಮವರು ಪೇಪರ್ ಮಡಚಿ ಎದ್ದರು. "ಡ್ರಮ್ಮಿನಾಗ ಐತೆ ನೋಡು. ಬೆಳಿಗ್ಗೆ ಚೆಲ್ಲು ಅಂತ ಬೈದೆಲ್ಲ, ನಾ ಚೆಲ್ಲಿಲ್ಲ."

ಆ ನೀರನ್ನು ಟಬ್ಬಿಗೆ ತುಂಬಿ, ತೊಟ್ಟಿಯ ಗಾಳಿಯ ಪೈಪು ಇಳಿಬಿಟ್ಟು, ನವಾಬನನ್ನು ಬಿಟ್ಟೆವು. ಇಬ್ಬರೂ ಬಗ್ಗಿ ಕೂತು ನೋಡಿದ್ದೇ ನೋಡಿದ್ದು. ನಿಧಾನಕ್ಕೆ ಬಾಯಿ ಮುಚ್ಚಿತು, ಬಾಲ ಅಲ್ಲಾಡಿತು; ಆಮೇಲೆ ಟಬ್ಬೇ ತನ್ನ ಅರಮನೆಯೆಂಬಂತೆ ಒಂದು ಸುತ್ತು ಹಾಕಿದ. ನಾನು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದೆ.

ಸಂಜೆ ವಿಡಿಯೋ ಕಾಲಿನಲ್ಲಿ ಅವನನ್ನು ತೋರಿಸಿ, ವೈಟ್ ಸ್ಪಾಟಿನ ಸುದ್ದಿ ಅಂಜುತ್ತಲೇ ಹೇಳಿದೆ.

"ಮೈ ಮ್ಯಾಲೂ ಅದಾವೇನ್ರಿ?"

"ಇಲ್ಲ, ಬರೀ ಕೆನ್ನೆ ಮೇಲೆ."

ಜುಬೇದಾ ನಕ್ಕ ನಗುವಿಗೆ ಮಡಿಲಲ್ಲಿದ್ದ ಕೂಸು ಎಚ್ಚರವಾಯಿತು. "ರೋಗ ಅಲ್ರೀ ಅಕ್ಕಾರೆ, ಹರೆಯ! ಗಂಡು ಮೀನಿಗೆ ಜೋಡಿ ಬೇಕಾದಾಗ ಹಂಗ ಬರ್ತಾವು. ಇರ್ರಿ, ಬರೋವಾಗ ಬೇಗಂನ ತರ್ತೀನಿ."

ಮದುವೆ ವಯಸ್ಸಿನ ಹುಡುಗನನ್ನು ಐಸಿಯುಗೆ ಕಳಿಸುವುದರಲ್ಲಿದ್ದೆನಲ್ಲ!

ಜುಬೇದಾಳ ಜೊತೆ ಬೇಗಂ ಬಂದಳು; ನವಾಬ, ಬೇಗಂ ಇಬ್ಬರೂ ಪಕ್ಕದ ಮನೆಯಲ್ಲಿ ಸುಖವಾಗಿದ್ದಾರೆ. ನಮ್ಮ ಹಿತ್ತಲಲ್ಲಿ ಈಗ ಅವರಿಗೆಂದೇ ಒಂದು ಬಕೆಟ್ ಹಳೇ ನೀರು ಮುಚ್ಚಿಟ್ಟಿರುತ್ತದೆ, ಇಟ್ಟವಳು ನಾನೇ. ನಲ್ಲಿ ಬಂದಾಗೆಲ್ಲ ಕೈ ತಾನಾಗಿ ಅದರತ್ತ ಹೋಗುತ್ತದೆ, ಸಿಸ್ಟರಿಗೆ ಮನಸ್ಸಿನಲ್ಲೇ ಸಾರಿ ಹೇಳಿ ಹಿಂದಕ್ಕೆಳೆದುಕೊಳ್ಳುತ್ತೇನೆ. ಕಷ್ಟ ಅದಲ್ಲ. ನಮ್ಮವರ ತೂತು ಬನಿಯನ್ನು, ಹಳೇ ಪೇಪರ್ ರಾಶಿ ಏನನ್ನೇ ಹೊರಹಾಕಲು ಹೋದರೂ ಅವರು ಸೋಫಾದಿಂದಲೇ, "ಇರ್ಲಿ ಬಿಡು, ಯಾವ ಮೀನಿಗೆ ಬೇಕಾಗ್ತತೋ" ಎನ್ನುತ್ತಾರೆ. ವಾದ ಮಾಡೋಣವೆಂದರೆ, ಪಕ್ಕದ ಮನೆಯಲ್ಲಿ ಸಾಕ್ಷಿ ಈಜಾಡುತ್ತಿದೆ.