ಗ್ರಿಪ್ಪರ್ ಒತ್ತಿ ಬಸ್ಸು ಗೆದ್ದವರು

ಹತ್ತು ಗಂಡಸರನ್ನು ಒಂದು ಛಾವಣಿಯ ಕೆಳಗೆ ದುಡಿಯಲು ಬಿಡಿ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಯಾರ ಕೈ ಗಟ್ಟಿ ಎಂಬ ವಾದ ಶುರುವಾಗಿರುತ್ತದೆ. ಎಲ್ಲ ಊರಲ್ಲೂ ಹೀಗೆಯೇ. ಒಮಾನಿನಲ್ಲಿ ಅದಕ್ಕೆ ಸೆಕೆಯೂ ಸೇರಿಕೊಂಡಿತು, ಅಷ್ಟೇ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ರುಸೈಲಿನ ಒಂದು ಪೈಪ್ ಕಾರ್ಖಾನೆಗೆ ವರ್ಕ್‌ಶಾಪ್ ಫೋರ್ಮನ್ ಆಗಿ ಸೇರಿದೆ. ವಸತಿ ದೂರದ ವಾದಿ ಕಬೀರಿನಲ್ಲಿ. ಹೋಗಿ ಬರಲು ಕಂಪನಿಯ ಬಸ್ಸು. ಎಲ್ಲ ತಾಪತ್ರಯ ಆ ಬಸ್ಸಿನಿಂದಲೇ.

ಜುಲೈ ತಿಂಗಳ ಸ್ವೆಟರ್

ಕಂಪನಿಗೆ ಎರಡು ಬಸ್ಸು. ಹೊಸದಕ್ಕೆ ಎಸಿ ಇತ್ತು. ಹಳೆಯದಕ್ಕೆ ಇರಲಿಲ್ಲ. ಹಳೆಯದರಲ್ಲಿ ಕೂತವನು ಇಳಿಯುವಾಗ ಅಂಗಿಯನ್ನು ಸೀಟಿನಿಂದ ಸುಲಿದು ತೆಗೆಯಬೇಕಿತ್ತು.

ಹೊಸ ಬಸ್ಸು ವರ್ಕ್‌ಶಾಪಿಗೆ ಬೇಕು ಎಂದೆವು. ನಾವು ಬೆಂಕಿಯ ಮುಂದೆ ದುಡಿಯುವವರು. ನಮಗೇ ಬೇಕು ಎಂದರು ಸ್ಟೋರ್ಸಿನವರು. ಅವರು ತಗಡಿನ ಗೋದಾಮಿನಲ್ಲಿ ಬೇಯುವವರು. ಜಗಳ ಮ್ಯಾನೇಜರ ತನಕ ಹೋಯಿತು. ಅವರು ಒಮಾನಿ, ಹಿಂದೆ ಸೈನ್ಯದಲ್ಲಿದ್ದವರು. ಎರಡೂ ಕಡೆಯ ಮಾತು ಪೂರ್ತಿ ಕೇಳಿದರು.

"ಹಗ್ಗ ಇದೆಯಾ?"

"ಇದೆ ಸಾರ್."

"ಎಳೆಯಿರಿ. ಗೆದ್ದವರಿಗೆ ಒಂದು ವರ್ಷ ಎಸಿ ಬಸ್ಸು. ಖಲಾಸ್."

ಅಂದಿನಿಂದ ಪ್ರತಿ ಏಪ್ರಿಲಿನಲ್ಲಿ ಒಂದು ಶುಕ್ರವಾರ ಹಗ್ಗಜಗ್ಗಾಟ. ಎರಡು ವರ್ಷ ಸೋತೆವು. ಸ್ಟೋರ್ಸಿನ ಕ್ಯಾಪ್ಟನ್ ಮಂಗಳೂರಿನವನು, ನನ್ನ ಓರಗೆಯವನು. ಕೆಲಸ ಬಿಟ್ಟ ಕೂಡಲೇ ಎಸಿ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ.

"ಎಂತ ಫೋರ್ಮನ್ರೇ, ನಿಮ್ಮ ಬಸ್ಸಿನಲ್ಲಿ ಸೆಕೆ ಉಂಟಾ? ನಮಗೆ ಇಲ್ಲಿ ಚಳಿ ಮಾರಾಯ್ರೆ!"

ಮೈಮೇಲೆ ಸ್ವೆಟರ್. ಆ ಜುಲೈಗೆಂದೇ ಊರಿನಿಂದ ತರಿಸಿದ್ದನಂತೆ.

ಪೊಟ್ಟಣದ ಗ್ಯಾರಂಟಿ

ನಮ್ಮವರ ಬೆನ್ನು ಗಟ್ಟಿ. ಕಾಲು ಗಟ್ಟಿ. ಹಗ್ಗ ಮಾತ್ರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ದಿನವಿಡೀ ಗ್ರೀಸಿನಲ್ಲಿ ಮುಳುಗಿದ ಕೈ, ಜಾರುತ್ತಿತ್ತು. ಮೂರನೆಯ ವರ್ಷ ಸೋಲಬಾರದು ಎಂದು ತೀರ್ಮಾನಿಸಿದೆ. ತಂಡಕ್ಕೆ ಹ್ಯಾಂಡ್ ಗ್ರಿಪ್ಪರ್ ಕೊಡಿಸುವುದು. ಎರಡು ಹಿಡಿ, ನಡುವೆ ಸ್ಪ್ರಿಂಗ್. ಮುಷ್ಟಿಯಲ್ಲಿಟ್ಟು ಹಿಡಿಗಳು ಒಂದಕ್ಕೊಂದು ತಾಗುವ ತನಕ ಒತ್ತಬೇಕು. ಯಾವುದು ಒಳ್ಳೆಯದು ಎಂದು ತಂಡದ ಉಳಿದ ಏಳೂ ಜನ ಕೇಳಿದರು. ಎಲ್ಲವನ್ನೂ ಒತ್ತಿ ನೋಡಿ ಹೇಳುತ್ತೇನೆ ಎಂದೆ.

ಮೊದಲು ಮತ್ರಾಹ್ ಪೇಟೆಗೆ ಹೋದೆ. ಅಂಗಡಿಯವರು ಬ್ಯಾರಿ, ಉಳ್ಳಾಲದ ಕಡೆಯವರು. ನಾನೂ ಊರ ಕಡೆಯವನೆಂದು ಕುರ್ಚಿ ಹಾಕಿದರು.

"ಹೆವಿ ಡ್ಯೂಟಿ ಬೇಕು," ಎಂದೆ.

"ಉಂಟು. ಇದು ಪಕ್ಕಾ ಹೆವಿ ಡ್ಯೂಟಿ. ನೋಡಿ, ಪೊಟ್ಟಣದ ಮೇಲೆಯೇ ಬರೆದುಂಟು."

ಕೆಂಪು ಪ್ಲಾಸ್ಟಿಕ್ ಹಿಡಿ. ಒತ್ತಿದೆ. ಹಿಡಿ ಕೈಯಲ್ಲೇ ತುಂಡಾಯಿತು. ಇನ್ನೊಂದು ಕೊಟ್ಟರು. ಅದೂ ತುಂಡಾಯಿತು. ಮೂರನೆಯದನ್ನು ಅವರು ಬೆನ್ನ ಹಿಂದೆ ಇಟ್ಟುಕೊಂಡರು.

"ಗ್ಯಾರಂಟಿ ಇಲ್ಲವಾ?" ಎಂದೆ.

"ಉಂಟಲ್ಲ," ಎಂದರು. "ಪೊಟ್ಟಣ ನೋಡಿ, ಒಂಚೂರು ಏನಾದರೂ ಆಗಿದೆಯಾ?"

ಮುಚ್ಚಿದ್ದಕ್ಕೆ ಸಾಕ್ಷಿ

ನಂತರ ಮರದ ಹಿಡಿ ಇರುವುದನ್ನು ನೋಡಿದೆ. ಸ್ಪ್ರಿಂಗ್ ಪರವಾಗಿಲ್ಲ. ಬೆವರು ತಾಗಿದರೆ ಹಿಡಿ ತಿರುಗುತ್ತದೆ. ಒಮಾನಿನಲ್ಲಿ ಬೆವರು ತಾಗದ ಹಿಡಿ ಎಲ್ಲಿದೆ? ಬೇಡ ಎಂದೆ.

ಕೊನೆಗೆ ನಮ್ಮ ಇಂಗ್ಲಿಷ್ ಇಂಜಿನಿಯರ್ ರಜೆಗೆ ತಮ್ಮೂರಿಗೆ ಹೋದಾಗ ಅವರಿಂದ ಉಕ್ಕಿನದನ್ನು ತರಿಸಿದೆ. ಮೂರು ಬಗೆ. ಹಿಡಿಯ ಮೇಲೆ ಅರದಂತೆ ಗೆರೆ ಕೊರೆದಿತ್ತು, ಜಾರುವ ಮಾತಿಲ್ಲ. ಸ್ಪ್ರಿಂಗ್ ದಪ್ಪವಾದಷ್ಟೂ ಕಷ್ಟ. ತೆಳುವಾದದ್ದನ್ನು ಎಲ್ಲರೂ ಮುಚ್ಚಿದರು. ನಡುವಿನದನ್ನು ನಾನು ಮತ್ತು ವೆಲ್ಡರ್ ಮುಚ್ಚಿದೆವು. ದಪ್ಪದ್ದನ್ನು ಯಾರೂ ಮುಚ್ಚಲಿಲ್ಲ. ನಡುವಿನದೇ ಅಭ್ಯಾಸಕ್ಕೆ ಸರಿ ಎಂದು ಆಗಲೇ ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ನಮ್ಮ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಕುಂದಾಪುರದವನು, ಸಣಕಲು ಆಳು, ಹಟ ಜಾಸ್ತಿ. ದಪ್ಪದ್ದನ್ನು ರೂಮಿಗೆ ಒಯ್ದ. ಮರುದಿನ ಬಂದು ಮೇಜಿನ ಮೇಲೆ ಇಟ್ಟ. ಹಿಡಿಗಳು ತಾಗಿಕೊಂಡಿದ್ದವು. ಸುತ್ತ ತಾಮ್ರದ ತಂತಿ ಬಿಗಿದಿತ್ತು.

"ಮುಚ್ಚಿದೆ, ಕಾಣಿ."

"ತಂತಿ ಯಾಕೆ?"

"ಬಿಚ್ಚಿದ್ರೆ ಅದು ತೆರ್ಕಂತ್ ಅಲ್ದಾ? ಆಮೇಲೆ ನೀವು ನಂಬೂದಿಲ್ಲ."

ನಮ್ಮದೇ ತಯಾರಿ

ವೆಲ್ಡರಿಗೆ ಇದರಿಂದ ಉರಿ ಹತ್ತಿತು. ಅವನು ಕೇರಳದ ಗಡಿಯ ಕಡೆಯವನು, ತುಳು, ಮಲಯಾಳ, ಕನ್ನಡ ಮೂರರಲ್ಲೂ ಬೈಯಬಲ್ಲವನು. ಪರದೇಶದ ಸ್ಪ್ರಿಂಗೇ ಯಾಕೆ, ನಾನೇ ಮಾಡುತ್ತೇನೆ ಎಂದು ಲಾರಿಯ ಹಳೇ ಸ್ಪ್ರಿಂಗಿಗೆ ಎರಡು ಪೈಪು ಬೆಸೆದ.

ಒಬ್ಬನಿಂದ ಅಲುಗಲಿಲ್ಲ. ಇಬ್ಬರು ಹಿಡಿದರು, ಅಲುಗಿತು. ನಾಲ್ವರು ಹಿಡಿದರು, ಅರ್ಧ ಮುಚ್ಚಿತು. ಅಷ್ಟರಲ್ಲಿ ನಾಲ್ವರಲ್ಲಿ ಒಬ್ಬ ಸೀನಿದ.

ಗ್ರಿಪ್ಪರ್ ಹಾರಿತು. ಛಾವಣಿಯ ತಗಡನ್ನು ತೂರಿಕೊಂಡು ಹೊರಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಬಿಸ್ಕತ್ತು ಕಾರ್ಖಾನೆಯ ಸೂಪರ್‌ವೈಸರ್ ಅದನ್ನು ಎರಡು ಕೈಯಲ್ಲಿ ಹೊತ್ತು ಗೇಟಿಗೆ ಬಂದ.

"ನಿಮ್ಮದೇನಾ?"

ವೆಲ್ಡರ್ ಅದರ ಬೆಸುಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಬಿಟ್ಟಿರಲಿಲ್ಲ.

"ನನ್ನದೇ," ಎಂದ ಹೆಮ್ಮೆಯಿಂದ.

ಇಲಿ

ಎಲ್ಲರಿಗೂ ನಡುವಿನ ಉಕ್ಕಿನದೇ ಬಂತು. ನಾನು ಮನೆಯಲ್ಲಿ ಸಂಜೆ ವಾರ್ತೆ ಕೇಳುತ್ತ ಒತ್ತುತ್ತಿದ್ದೆ. ಅದಕ್ಕೆ ಒಂದೇ ದೋಷ. ಸ್ಪ್ರಿಂಗ್ ಕಿಚ್ ಕಿಚ್ ಎನ್ನುತ್ತಿತ್ತು. ಎಣ್ಣೆ ಹಾಕಿದರೆ ಕೈ ಜಾರುತ್ತದೆ, ಹಾಕಲಿಲ್ಲ.

ಒಂದು ಸಂಜೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಬ್ಯಾಂಕಿನಲ್ಲಿದ್ದವರು, ಬಹಳ ಮರ್ಯಾದಸ್ಥರು.

"ಭಾಯ್ ಸಾಬ್, ನಿಮ್ಮ ಮನೆಯಲ್ಲಿ ಇಲಿ ಇದೆ. ದಿನಾ ಸಂಜೆ ಕೂಗುತ್ತದೆ. ದೊಡ್ಡದಿರಬೇಕು."

"ನೋಡುತ್ತೇನೆ," ಎಂದೆ. ವಿವರಿಸಲು ಹೋಗಲಿಲ್ಲ.

ಅವರು ವಾಚ್‌ಮನ್‌ಗೂ ಹೇಳಿದ್ದರು. ಅವನು ಮೀನು ಪೇಟೆಯಿಂದ ಒಂದು ಬೆಕ್ಕು ಹಿಡಿದು ತಂದು ನಮ್ಮ ಮನೆಯೊಳಗೆ ಬಿಟ್ಟ. ಗಡವ ಬೆಕ್ಕು, ಒಂದು ಕಿವಿ ಹರಿದಿತ್ತು. ಅಡುಗೆಮನೆ ನೋಡಲಿಲ್ಲ, ಮಂಚದ ಕೆಳಗೆ ನೋಡಲಿಲ್ಲ. ನೇರ ಬಂದು ನನ್ನೆದುರು ಕೂತು ನನ್ನ ಮುಷ್ಟಿಯನ್ನೇ ನೋಡತೊಡಗಿತು. ನಾನು ಎದ್ದು ಒಳಗೆ ಹೋದರೆ ಹಿಂದೆಯೇ ಬಂತು.

ಹೆಂಡತಿ ಅಕ್ಕಿ ಆರಿಸುತ್ತ ಹೇಳಿದಳು: "ನಾನು ಇಷ್ಟು ವರ್ಷ ಕಂಡುಹಿಡಿಯದ್ದನ್ನು ಅದು ಒಂದೇ ಸಂಜೆಗೆ ಕಂಡುಹಿಡಿಯಿತು."

ಗೇಟಿನ ಸಲಾಂ

ಗೇಟಿನಲ್ಲಿ ಒಬ್ಬ ವೃದ್ಧ ಒಮಾನಿ ಕಾವಲುಗಾರರು. ಬೆಳಿಗ್ಗೆ ಬಂದ ಪ್ರತಿಯೊಬ್ಬನ ಕೈ ಹಿಡಿಯುತ್ತಿದ್ದರು. ಒಮಾನಿಗಳ ಕುಶಲೋಪರಿ ಉದ್ದ. ಹೇಗಿದ್ದೀ, ಮನೆಯವರು ಹೇಗಿದ್ದಾರೆ, ಏನು ಸುದ್ದಿ, ಏನು ಹೊಸತು. ಅದು ಮುಗಿಯುವ ತನಕ ಕೈ ಬಿಡುವಂತಿಲ್ಲ. ನಡುವೆ ಎಳೆದುಕೊಂಡರೆ ಅಗೌರವ.

ಅಭ್ಯಾಸ ಶುರುವಾಗಿ ಕೆಲವು ವಾರವಾಗಿತ್ತು. ವೆಲ್ಡರ್ ಎಂದಿನಂತೆ ಕೈ ಕೊಟ್ಟ. ತನ್ನ ಕೈಗೆ ಈಗೆಷ್ಟು ಬಲ ಎಂದು ಅವನಿಗೆ ಗೊತ್ತಿರಲಿಲ್ಲ. ಕಾವಲುಗಾರರಿಗೆ ಗೊತ್ತಾಯಿತು.

"ಕೈಫ್ ಹಾಲಕ್?" ಎಂದ ವೆಲ್ಡರ್.

"ಅಲ್ ಹಮ್ದುಲಿಲ್ಲಾಹ್," ಎಂದರು ಅವರು. ದನಿ ಸ್ವಲ್ಪ ಮೇಲೆ ಹೋಗಿತ್ತು.

ವೆಲ್ಡರ್ ಆಗಷ್ಟೇ ಅರಬ್ಬಿ ಕಲಿಯುತ್ತಿದ್ದ. ಉತ್ಸಾಹ ಬಂತು. ಮನೆಯವರನ್ನು ವಿಚಾರಿಸಿದ. ಮಕ್ಕಳನ್ನು ವಿಚಾರಿಸಿದ. ಆಡುಗಳನ್ನು ವಿಚಾರಿಸಿದ. ಪ್ರತಿ ಪ್ರಶ್ನೆಗೂ ಒಂದು ಅದುಮು. ಪ್ರತಿ ಅದುಮಿಗೂ ಅವರು ದೇವರನ್ನು ಸ್ತುತಿಸಿದರು. ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ಎಳೆದುಕೊಳ್ಳಲಿಲ್ಲ. ಅಂಥ ದೊಡ್ಡ ಮನುಷ್ಯ.

"ಎಂಥ ಭಕ್ತಿ ಅವರದ್ದು!" ಎಂದ ವೆಲ್ಡರ್ ಒಳಗೆ ಬಂದು.

ಮರುದಿನ ಅವರು ಬಲಗೈಯನ್ನು ಎದೆಯ ಮೇಲೆ ಭದ್ರವಾಗಿ ಇಟ್ಟುಕೊಂಡು ನಿಂತಿದ್ದರು. ಒಬ್ಬೊಬ್ಬನನ್ನೂ ದೂರದಲ್ಲೇ ತಡೆದು ಕೇಳುತ್ತಿದ್ದರು: "ಸ್ಟೋರ್ಸಾ, ವರ್ಕ್‌ಶಾಪಾ?"

ಪಂದ್ಯ

ಏಪ್ರಿಲ್ ಬಂತು. ಕಾರ್ಖಾನೆಯ ಹಿಂದಿನ ಫುಟ್‌ಬಾಲ್ ಬಯಲು. ನಾನು ಕೊನೆಯ ಆಳು, ಹಗ್ಗ ಸೊಂಟಕ್ಕೆ ಸುತ್ತಿದವನು. ನಮ್ಮ ಮೊದಲ ಆಳು ವೆಲ್ಡರ್. ಎದುರು ತಂಡದ ಮೊದಲ ಆಳು ಸ್ಟೋರ್ಸಿನ ಕ್ಯಾಪ್ಟನ್.

"ಫೋರ್ಮನ್ರೇ, ಹಳೇ ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಟ್ಟಿದ್ದೇನೆ!"

ನಾನು ಸೊಂಟದ ಹಗ್ಗವನ್ನು ಇನ್ನಷ್ಟು ಬಿಗಿದೆ.

ಸೀಟಿ ಮೊಳಗಿತು. ಹಗ್ಗ ಕೈಯಲ್ಲಿ ಬೇರು ಬಿಟ್ಟಂತೆ ನಿಂತಿತು. ಎಳೆದೆವು. ಅವರು ಬಂದರು. ಗೆರೆ ದಾಟಿದರು. ಗೆದ್ದಿರೆಂಬ ಸೀಟಿಯೂ ಮೊಳಗಿತು. ನಮ್ಮವರಿಗೆ ಕೇಳಲಿಲ್ಲ. ಗೋಲ್ ಕಂಬ ದಾಟಿದೆವು. ಚಹಾದ ಮೇಜು ದಾಟಿದೆವು. ಮ್ಯಾನೇಜರ್ "ಖಲಾಸ್! ಖಲಾಸ್!" ಎನ್ನುತ್ತ ಹಿಂದೆ ಓಡಿ ಬಂದರು. ಕ್ಯಾಪ್ಟನ್ ಹೊಟ್ಟೆಯ ಮೇಲೆ ಜಾರುತ್ತ ಬರುತ್ತಿದ್ದ.

"ಗೆದ್ದಿರಿ ಮಾರಾಯ್ರೆ, ಗೆದ್ದಿರಿ! ಇನ್ನಾದರೂ ಬಿಡಿ!"

ಎಲೆಕ್ಟ್ರಿಷಿಯನ್ ಎಳೆಯುತ್ತಲೇ ಹೇಳಿದ: "ಬಿಡೂದ್ ಅಭ್ಯಾಸ ಮಾಡ್ಲಿಲ್ಲ!"

ಗೆದ್ದ ಬಸ್ಸು

ಶನಿವಾರ ಬೆಳಿಗ್ಗೆ ಎಸಿ ಬಸ್ಸು ಹತ್ತಿದೆವು. ಮೆತ್ತನೆ ಸೀಟು. ತಣ್ಣನೆ ಗಾಳಿ. ದೇವಸ್ಥಾನದಲ್ಲಿ ಕೂತ ಹಾಗೆ ಕೂತೆವು. ಅಝೈಬಾ ದಾಟುವಾಗ ಎಲೆಕ್ಟ್ರಿಷಿಯನ್‌ಗೆ ಚಳಿಯಾಯಿತು. ಎದ್ದು ಹೋಗಿ ಎಸಿಯ ಗುಂಡಿ ತಿರುಗಿಸಲು ನೋಡಿದ.

"ಬಿಗಿ ಉಂಟು."

ಡ್ರೈವರ್ ಪೇಶಾವರದವನು. "ಆಹಿಸ್ತಾ, ಭಾಯಿ, ಆಹಿಸ್ತಾ," ಎಂದು ಮೆಲ್ಲಗೆ ಎಂಬ ಸನ್ನೆ ಮಾಡಿದ.

"ಸರಿ ಅತ್ಲಾಗೆ," ಎಂದ ವೆಲ್ಡರ್. "ಇಷ್ಟು ತಿಂಗಳು ಗ್ರಿಪ್ಪರ್ ಒತ್ತಿದ್ದು ಯಾಕೆ?"

ತಿರುಗಿಸಿದ. ಗುಂಡಿ ಸೊನ್ನೆಗೆ ಬಂತು. ಸೊನ್ನೆ ದಾಟಿತು. ಆಮೇಲೆ ಬುಡದ ಸರಳಿನ ಸಮೇತ ಅವನ ಕೈಗೆ ಬಂತು. ಎಸಿ ನಿಂತಿತು. ಎಸಿ ಬಸ್ಸಿನ ಕಿಟಕಿಗಳು ತೆರೆಯುವಂಥವಲ್ಲ ಎಂದು ನಮಗೆ ಗೊತ್ತಾದದ್ದು ಆಗ.

ನಾವೇ ರಿಪೇರಿ ಮಾಡುತ್ತೇವೆ ಎಂದೆ. ಮ್ಯಾನೇಜರ್ ಗುಂಡಿಯನ್ನು ನೋಡಿದರು, ವೆಲ್ಡರಿನ ಕೈಯನ್ನು ನೋಡಿದರು. "ವರ್ಕ್‌ಶಾಪಿನವರು ಆ ಬಸ್ಸಿನ ಒಂದು ನಟ್ಟೂ ಮುಟ್ಟಬಾರದು. ಬಸ್ಸು ಕಂಪನಿಯ ಏಜೆಂಟರು ಬಿಡಿಭಾಗ ತರಿಸುತ್ತಾರೆ." ಭಾಗ ಬಂತು. ಬೇರೆ ಮಾಡೆಲಿನದು. ಹಿಂದೆ ಹೋಯಿತು. ಇನ್ನೊಂದು ಬರುತ್ತದೆ, ಇನ್ಶಾ ಅಲ್ಲಾಹ್ ಎಂದರು.

ಆ ಬೇಸಿಗೆ ಗಾಜಿನ ಪೆಟ್ಟಿಗೆಯಲ್ಲಿ ಇಡ್ಲಿಯಂತೆ ಬೆಂದೆವು. ಹಳೇ ಬಸ್ಸು ಕಿಟಕಿಗಳನ್ನೆಲ್ಲ ತೆರೆದುಕೊಂಡು ನಮ್ಮನ್ನು ಹಿಂದೆ ಹಾಕುತ್ತಿತ್ತು. ನಾನೇ ಕ್ಯಾಪ್ಟನ್ ಬಳಿ ಹೋಗಿ ಬಸ್ಸು ಬದಲಾಯಿಸೋಣ ಎಂದೆ.

"ಛೆ ಛೆ," ಎಂದು ಎದೆ ಮುಟ್ಟಿಕೊಂಡ. "ನಾವು ಸೋತವರು. ಎಸಿ ಬಸ್ಸು ಹತ್ತಲಿಕ್ಕೆ ನಮಗೆ ಯೋಗ್ಯತೆ ಎಲ್ಲುಂಟು?"

ಮರುವರ್ಷ

ಚಳಿಗಾಲದಲ್ಲಿ ಎಲ್ಲರೂ ಎಸಿಯನ್ನು ಮರೆತರು. ಏಜೆಂಟರೂ ಮರೆತರು. ಮತ್ತೆ ಏಪ್ರಿಲ್ ಬಂತು. ತಂಡವನ್ನು ಕರೆದು ಹೇಳಿದೆ: "ಈ ಸಲ ಸೋಲಬೇಕು."

"ಮರ್ಯಾದೆ?" ಎಂದ ವೆಲ್ಡರ್.

"ಮರ್ಯಾದೆಗೆ ಕಿಟಕಿ ಇಲ್ಲ," ಎಂದೆ. ಅವನಿಗೆ ಅರ್ಥವಾಯಿತು.

ಸೀಟಿ ಮೊಳಗಿತು. ನಾವು ಎಳೆಯಲಿಲ್ಲ. ಅವರೂ ಎಳೆಯಲಿಲ್ಲ. ಎರಡೂ ಕಡೆ ಹಲ್ಲು ಕಚ್ಚಿ ಮುಖ ಕೆಂಪು ಮಾಡಿಕೊಂಡು "ಐಸಾ! ಐಸಾ!" ಎಂದು ಕೂಗಿದೆವು. ಹಗ್ಗದ ನಡುವಿನ ಕೆಂಪು ಬಟ್ಟೆ ಕದಲಲಿಲ್ಲ. "ಎಂಥ ಸಮಬಲ!" ಎಂದು ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಮೆಲ್ಲಗೆ ಮುಂದೆ ನಡೆಯಿರಿ ಎಂದೆ. ನಮ್ಮವರು ಒಂದು ಹೆಜ್ಜೆ ಮುಂದಿಟ್ಟರು. ಅವರೂ ಮುಂದಿಟ್ಟರು. ಹಗ್ಗ ಜೋತುಬಿದ್ದು ನೆಲ ಮುಟ್ಟಿತು. ಕೊನೆಗೆ ನಮ್ಮ ವೆಲ್ಡರಿನ ಮೂಗೂ ಅವರ ಕ್ಯಾಪ್ಟನ್ ಮೂಗೂ ತಾಗಿಕೊಂಡವು.

"ಎಳಿ ಮಾರಾಯ," ಎಂದ ಕ್ಯಾಪ್ಟನ್ ಪಿಸುದನಿಯಲ್ಲಿ. "ನಿನಗೆ ಪುಣ್ಯ ಬರ್ತದೆ."

"ನೀವು ಹಿರಿಯರು. ನೀವೇ ಎಳೆಯಿರಿ."

ಮ್ಯಾನೇಜರಿಗೆ ಸೈನ್ಯ ನೆನಪಾಯಿತು. ಎರಡೂ ತಂಡವನ್ನು ಹಿಂದಕ್ಕೆ ಅಟ್ಟಿ ಗುಡುಗಿದರು: "ಹಗ್ಗ ಬಿಗಿಯಾಗಲಿ! ಯಲ್ಲಾ! ಈಗ ಇತ್ಯರ್ಥವಾಗದಿದ್ದರೆ ನಾಳೆಯಿಂದ ಎಲ್ಲರೂ ನಡೆದುಕೊಂಡು ಬನ್ನಿ!"

ವಾದಿ ಕಬೀರಿನಿಂದ ರುಸೈಲಿಗೆ ನಡೆಯುವುದೆಂದರೆ ಹುಡುಗಾಟವಲ್ಲ. ಎಲ್ಲರೂ ಹೆದರಿ ಹಗ್ಗ ಬಿಗಿ ಹಿಡಿದು ಹಿಂದಕ್ಕೆ ವಾಲಿದೆವು. ಹದಿನಾರು ಜನರ ಭಾರ ಹಗ್ಗದ ಮೇಲೆ ಬಿತ್ತು.

ಆಗ ಕ್ಯಾಪ್ಟನ್ ಕೆಮ್ಮಿದ. ಸ್ಟೋರ್ಸಿನ ಎಂಟೂ ಜನ ಒಟ್ಟಿಗೆ ಕೈ ಬಿಟ್ಟರು.

ನಾವು ಎಂಟೂ ಜನ ಒಬ್ಬರ ಮೇಲೊಬ್ಬರು ಅಂಗಾತ ಬಿದ್ದೆವು. ಎಲ್ಲರ ಕೆಳಗೆ ನಾನು. ಹಗ್ಗ ಪೂರ್ತಿ ನಮ್ಮ ಕಡೆ ಬಂದಿತ್ತು. ಗೆದ್ದಿರೆಂಬ ಸೀಟಿ ಮೊಳಗಿತು. "ಮಬ್ರೂಕ್!" ಎಂದು ಅಭಿನಂದಿಸಿದರು ಮ್ಯಾನೇಜರ್. "ಬಸ್ಸು ಇನ್ನೊಂದು ವರ್ಷ ನಿಮ್ಮದೇ!"

ಕ್ಯಾಪ್ಟನ್ ಓಡಿ ಬಂದು ನನ್ನನ್ನು ಎಬ್ಬಿಸಿದ. ಅಂಗಿಯ ಮಣ್ಣು ಕೊಡವಿದ. ಕಣ್ಣು ಒರೆಸಿಕೊಂಡ. ಮ್ಯಾನೇಜರಿಗೂ ಕೇಳುವ ಹಾಗೆ ಹೇಳಿದ:

"ಎಂಥ ಹಿಡಿತ ಫೋರ್ಮನ್ರೇ ನಿಮ್ಮದು! ನಮ್ಮ ಕೈಯಲ್ಲಿ ಹಗ್ಗ ನಿಲ್ಲಲೇ ಇಲ್ಲ! ಯಾವ ಗ್ರಿಪ್ಪರ್ ಮಾರಾಯ್ರೆ?"