ರಾಧಾಮಣಿಯ ಮೇವಿನ ಪಟ್ಟಿ

ನಮ್ಮ ಮನೆಯಲ್ಲಿ ನಲವತ್ತು ಸಾವಿರದ ಮೂರು ಬಾಯಿಗಳಿವೆ. ಮೂರು ಮನುಷ್ಯರವು: ನಾನು, ನನ್ನ ಹೆಂಡತಿ ರಾಧಾಮಣಿ, ನಮ್ಮವ್ವ ಶಿವಲಿಂಗಮ್ಮ. ಮಿಕ್ಕವು ರೇಷ್ಮೆಹುಳುಗಳವು. ಅಕ್ಕೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹುಳ ಸಾಕುತ್ತಿದ್ದೇನೆ. ನಟರಾಜು ಹಾಕಿದ ಸೊಪ್ಪು ಸರಿಯಿಲ್ಲವೆಂದು ಒಂದು ಹುಳವೂ ಮುಖ ತಿರುಗಿಸಿದ್ದಿಲ್ಲ. ಎಷ್ಟು ದಿನದ ಹುಳಕ್ಕೆ ಎಳೆಸೊಪ್ಪು, ಎಷ್ಟು ದಿನದ್ದಕ್ಕೆ ಬಲಿತದ್ದು, ಯಾವ ಹೊತ್ತಿಗೆ, ಎಷ್ಟು ತೂಕ, ಎಲ್ಲವೂ ನನ್ನ ನಾಲಗೆಯ ತುದಿಯಲ್ಲಿದೆ. ಬೈರಾಪಟ್ಟಣದಿಂದಲೂ ಬಂದು ಕೇಳಿಕೊಂಡು ಹೋಗುತ್ತಾರೆ. (ಕೇಳದವರಿಗೂ ಹೇಳುತ್ತೇನೆ, ಆ ಮಾತು ಬೇರೆ.)

ಇಂಥ ಪೋಷಣಾ ಶಿರೋಮಣಿಯ ಧರ್ಮಪತ್ನಿ ಒಂದು ಬೆಳಿಗ್ಗೆ ತಲೆಯ ಮೇಲಿನ ಸೊಪ್ಪಿನ ಹೊರೆಯ ಸಮೇತ ಹುಳುಮನೆಯ ಬಾಗಿಲಲ್ಲಿ ಕುಸಿದು ಕೂತಳು.

"ಏನೂ ಇಲ್ಲ ಕಣ್ರೀ, ಒಸಿ ಕಣ್ಣುಕತ್ಲೆ ಬಂತು. ಮೊದ್ಲು ಸೊಪ್ಪು ಎತ್ಕಳಿ, ಬಾಡೋಯ್ತದೆ," ಎಂದಳು. ಅವಳ ತುಟಿ ಸುಣ್ಣ ಬಳಿದ ಹಾಗಿತ್ತು.

ಉಪಕೇಂದ್ರದ ಹಮೀದಾ ಸಿಸ್ಟರ್ ಬೆರಳು ಚುಚ್ಚಿ ರಕ್ತ ನೋಡಿದರು. "ಎಂಟು ಪಾಯಿಂಟ್ ಒಂದು. ಹನ್ನೆರಡು ಇರ್ಬೇಕು ನಟರಾಜಣ್ಣ. ಮೈಯಲ್ಲಿ ಕಬ್ಬಿಣಾಂಶವೇ ಇಲ್ಲ. ಮಾತ್ರೆ ಕೊಡ್ತೀನಿ, ಜೊತೆಗೆ ಊಟ ಸರಿಯಾಗಬೇಕು. ಸೊಪ್ಪು, ಕಾಳು, ಮೊಟ್ಟೆ, ರಾಗಿ. ಮೇಲೆ ಒಂದು ನಿಂಬೆಹೋಳು ಹಿಂಡ್ಕೊಂಡ್ರೆ ಮೈಗೆ ಚೆನ್ನಾಗಿ ಹಿಡೀತದೆ. ಊಟ ಆದ ಕೂಡಲೇ ಟೀ ಬೇಡ, ತಿಂದ ಕಬ್ಬಿಣಾನ ಮೈಗೆ ಹತ್ತೋಕೆ ಬುಡಲ್ಲ ಅದು."

"ಏರ್ಲಿಲ್ಲ ಅಂದ್ರೆ?"

"ಆರು ವಾರ ನೋಡೋಣ. ಏರ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ಹಿಂಗೇ ಬುಟ್ರೆ ಹಾರ್ಟಿಗೆ ಪೆಟ್ಟು."

ಸಿಸ್ಟರ್ ಹೇಳಿದ್ದು ಮಣಿಯ ಹಾರ್ಟು. ಒಂದು ಬಡಿತ ತಪ್ಪಿದ್ದು ನನ್ನದು. ಮಣಿ ಇಲ್ಲದ ಮನೆಯನ್ನು ಊಹಿಸಲು ಹೊರಟೆ. ಹೊಸ್ತಿಲು ದಾಟಲೂ ಆಗಲಿಲ್ಲ.

ಮನೆಗೆ ಬಂದವನೇ ಕೆಲಸಕ್ಕಿಳಿದೆ. ನಲವತ್ತು ಸಾವಿರ ಸಾಕಿದವನಿಗೆ ಒಬ್ಬಳನ್ನು ಸಾಕುವುದು ಯಾವ ಮಹಾ? ಹುಳುಮನೆಯ ಮೇವಿನ ಪಟ್ಟಿಯ ಬೆನ್ನಿಗೆ ಹೊಸ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಆರಕ್ಕೆ ರಾಗಿ ಅಂಬಲಿ. ಹತ್ತಕ್ಕೆ ಬೇಯಿಸಿದ ಮೊಟ್ಟೆ. ಒಂದಕ್ಕೆ ಮುದ್ದೆ, ಬಸ್ಸಾರು, ಬಸಿದ ಸೊಪ್ಪುಕಾಳಿನ ಪಲ್ಯ. ನಾಲ್ಕಕ್ಕೆ ಕಡಲೆಕಾಯಿ, ಬೆಲ್ಲ. ಏಳಕ್ಕೆ ಮತ್ತೆ ಮುದ್ದೆ.

ಮಣಿ ಓದಿದಳು. "ಯಾವತ್ತು ಗೂಡು ಕಟ್ಬೇಕು ಅನ್ನೋದು ಬರ್ದಿಲ್ವಲ್ಲ?"

"ನಗಾಡ್ಬೇಡ. ಇನ್ಮೇಲೆ ನೀನು ನನ್ನ ಉಸ್ತುವಾರೀಲಿ ಇದ್ದೀಯ."

"ಮದ್ವೆ ಆದ ಹೊಸ್ದರಲ್ಲೂ ಹಿಂಗ್ ನೋಡಿದೋನಲ್ಲ," ಎಂದು ಅವ್ವ ಜಗುಲಿಯಿಂದಲೇ ಕೂಗಿದಳು. "ಇದೇನ್ಲಾ ಬಂದದ್ದು ನಿಂಗೆ?"

ಉಸ್ತುವಾರಿ ಎಂದರೆ ಬಾಯಿಮಾತಲ್ಲ. ಸೊಪ್ಪನ್ನು ಮುಟ್ಟಿ, ಮೂಸಿ, ಒದ್ದೆಯಿದೆಯೋ ಬಾಡಿದೆಯೋ ನೋಡದೆ ನಾನು ಹುಳಕ್ಕೆ ಹಾಕಿದವನಲ್ಲ. ಹೆಂಡತಿಗೆ ಹಾಕುತ್ತೇನೆಯೇ? ಹಾಗಾಗಿ ಮೊದಲು ನಾನು ತಿಂದು ನೋಡುತ್ತಿದ್ದೆ. ಅಂಬಲಿ ಅರ್ಧ ಲೋಟ ಕುಡಿದು, ಹದವಾಗಿದೆ ಎಂದು ತೀರ್ಪು ಕೊಡುತ್ತಿದ್ದೆ. ನುಗ್ಗೆಸೊಪ್ಪಿನ ಪಲ್ಯ ಒಂದು ಹಿಡಿ ತಿಂದರೆ ಉಪ್ಪು ತಿಳಿಯುತ್ತಿತ್ತು. ಖಾರ ತಿಳಿಯಲು ಇನ್ನೊಂದು ಹಿಡಿ ಬೇಕಾಗುತ್ತಿತ್ತು.

ಮೊಟ್ಟೆಯ ವಿಷಯದಲ್ಲಿ ಅವಳೇ ಹಟ ಮಾಡಿದಳು. "ಹಳ್ದಿ ನಂಗೆ ಸೇರಕ್ಕಿಲ್ಲ, ನೀವೇ ತಿನ್ನಿ." ಎಸೆಯಲು ಮನಸ್ಸು ಬರಲಿಲ್ಲ, ತ್ಯಾಗ ಮಾಡಿ ನುಂಗಿದೆ. ಕಡಲೆಕಾಯಿಯನ್ನು ಇಬ್ಬರೂ ಕೂತು ಸುಲಿಯುತ್ತಿದ್ದೆವು. ಅವಳು ಸುಲಿಯುವುದರಲ್ಲಿ ಚುರುಕು, ನಾನು ಮಿಕ್ಕದ್ದರಲ್ಲಿ. ಮಧ್ಯಾಹ್ನ ನಾನು, ಅವ್ವ ಮೊದಲು ಕೂರುತ್ತಿದ್ದೆವು, ಅವಳು ಬಡಿಸುತ್ತಿದ್ದಳು. ಅದು ಮೊದಲಿಂದ ಬಂದದ್ದು. "ಇನ್ನೊಸಿ ಪಲ್ಯ?" ಎಂದರೆ ಬೇಡವೆನ್ನುವುದು ಅಡುಗೆಗೆ ಅವಮಾನ. ಊಟ ಮುಗಿಸಿ ಹುಳುಮನೆಗೆ ಹೊರಡುವಾಗ ನೆನಪಾಗಿ ಕೂಗುತ್ತಿದ್ದೆ: "ಮಣೀ, ಉಂಡ್ಯಾ?"

"ಊಂ, ಆಯ್ತು," ಎಂಬ ದನಿ ಬರುತ್ತಿತ್ತು.

ಪಟ್ಟಿಯಲ್ಲಿ ಟಿಕ್ ಬೀಳುತ್ತಿತ್ತು. ದಿನಕ್ಕೆ ಐದೈದರಂತೆ ಆರು ವಾರಕ್ಕೆ ಇನ್ನೂರಹತ್ತು ಟಿಕ್. ರೇಷ್ಮೆ ಇಲಾಖೆಯವರು ನೋಡಿದ್ದರೆ ಶಾಲು ಹೊದಿಸುತ್ತಿದ್ದರು.

ಆ ಪಟ್ಟಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡೇ ಉಪಕೇಂದ್ರಕ್ಕೆ ಹೋದೆ. ಅವ್ವನೂ ಬಿಪಿ ನೋಡಿಸಲು ಜೊತೆಗೆ ಬಂದಳು. ಸಿಸ್ಟರ್ ಮಣಿಯ ಬೆರಳು ಚುಚ್ಚಿದರು. ಯಂತ್ರ ನೋಡಿದರು. ಇನ್ನೊಂದು ಬೆರಳು ಚುಚ್ಚಿದರು.

"ಎಂಟು ಪಾಯಿಂಟ್ ಮೂರು."

"ನಿಮ್ಮ ಮಿಷನ್ ಕೆಟ್ಟೈತೆ ಸಿಸ್ಟರ್," ಎಂದೆ ಪಟ್ಟಿ ಬಿಚ್ಚಿ. "ಇಲ್ನೋಡಿ, ಒಂದು ಹೊತ್ತೂ ತಪ್ಪಿಲ್ಲ!"

"ಮಿಷನ್ ಕೆಟ್ಟೈತಾ ನೋಡೇಬುಡಾಣ, ನಿಮ್ಮ ಬೆರಳು ಕೊಡಿ."

ಕೊಟ್ಟೆ. ಹದಿನಾರು ಪಾಯಿಂಟ್ ಎರಡು. ತೂಕದ ಮೇಲೂ ಹತ್ತಿಸಿದರು. ಸಂಕ್ರಾಂತಿಯಲ್ಲಿ ತೂಗಿದ್ದಕ್ಕಿಂತ ನಾಲ್ಕು ಕೆಜಿ ಹೆಚ್ಚು. ಸಿಸ್ಟರ್ ಒಮ್ಮೆ ಪಟ್ಟಿಯನ್ನು, ಒಮ್ಮೆ ನನ್ನ ಹೊಟ್ಟೆಯನ್ನು ನೋಡಿದರು.

"ಕಬ್ಬಿಣ ಎಲ್ಲಿಗೋಯ್ತು ಅಂತ ಗೊತ್ತಾಯ್ತು ಬುಡಿ. ರಾಧಕ್ಕ, ನೀವು ದಿನಾ ಏನು ತಿಂತಿದ್ರಿ?"

ಮಣಿ ಸೆರಗಿನ ತುದಿ ಸುತ್ತತೊಡಗಿದಳು. "ತಿಂತಿದ್ದೆ... ಮಿಕ್ಕಿದ್ದು. ಸಾರು ಇರೋದು. ಹಸಿವಾದ್ರೆ ಒಸಿ ಟೀ ಕುಡಿಯೋದು, ಮಾತ್ರೆನೂ ಅದ್ರ ಜೊತೇಲೇ ನುಂಗೋದು."

"ಮತ್ತೆ ಉಂಡೆ ಅಂತಿದ್ದೆ?" ಎಂದೆ.

"ನೀವು ಅಷ್ಟು ಆಸೆಯಿಂದ ಟಿಕ್ ಹಾಕ್ತಿದ್ರಿ. ಇಲ್ಲ ಅನ್ನಕ್ಕೆ ಮನಸ್ಸು ಬರ್ಲಿಲ್ಲ."

ಅವ್ವ ಕೂತಲ್ಲಿಂದಲೇ ಮಾತು ಎತ್ತಿಕೊಂಡಳು: "ಹುಳಕ್ಕಾದ್ರೆ ಒಂದೊಂದ್ ತಟ್ಟೆನೂ ಬಗ್ಗಿ ಬಗ್ಗಿ ನೋಡ್ತೀಯ. ಹೆಂಡ್ತಿ ತಟ್ಟೆ ಒಂದು ದಿನ ಬಗ್ಗಿ ನೋಡಿದ್ದೀಯೇನ್ಲಾ?" ಆಮೇಲೆ ದನಿ ತಗ್ಗಿಸಿ, "ನಿನ್ನೆದುರಿಗೆ ಕೂತು ಉಂಡೋಳು, ನಾನೂ ಅವಳ ತಟ್ಟೆ ನೋಡ್ಲಿಲ್ಲ ಬುಡು," ಎಂದಳು.

"ಇನ್ನೊಂದೇ ತಿಂಗಳು," ಎಂದರು ಸಿಸ್ಟರ್. "ಆಮೇಲೆ ನಾನು ಮಾತು ಕೇಳೋಳಲ್ಲ, ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಅಂದು ಮಧ್ಯಾಹ್ನ ನಾನೇ ಅಡುಗೆಮನೆ ಹೊಕ್ಕೆ. ಪುಣ್ಯಕ್ಕೆ ಬಸ್ಸಾರು ಬೆಳಿಗ್ಗೆಯೇ ಆಗಿತ್ತು, ಮುದ್ದೆಯೊಂದೇ ಬಾಕಿ. ಹಿಟ್ಟು ಹಾರಿ ಹುಬ್ಬು ಬೂದುಬಣ್ಣವಾಯಿತು, ಹಿಟ್ಟಿನ ಕೋಲು ಎರಡು ಸಲ ಕೈಜಾರಿ ಬಿತ್ತು. ಮೂರು ಮುದ್ದೆ ಕಟ್ಟಿದೆ. ಅತ್ತೆ ಸೊಸೆಯನ್ನು ಅಕ್ಕಪಕ್ಕ ಕೂರಿಸಿ ಬಡಿಸಿದೆ. ಪಲ್ಯ ಸುರಿದೆ, ನಿಂಬೆಹೋಳು ಹಿಂಡಿದೆ. ರುಚಿ ನೋಡಲಿಲ್ಲ.

ಮಣಿ ಕೈ ಹಾಕಲಿಲ್ಲ. "ನೀವು ಹಿಂಗೆ ನೆತ್ತಿ ಮೇಲೆ ನಿಂತ್ರೆ ಹೆಂಗ್ರೀ ಉಣ್ಣೋದು? ಅತ್ಲಾಗೆ ಹೋಗಿ."

ಹೋಗಿ ಬಾಗಿಲ ಹಿಂದೆ ನಿಂತೆ.

"ಇದೇನತ್ತೆ, ಬರೀ ಗಂಟು!"

"ಗಂಟಲ್ಲ ಕಣೆ, ಕಲ್ಲು. ಹಲ್ಲು ಜ್ವಾಪಾನ."

ಇಬ್ಬರೂ ನಕ್ಕರು. ಆಮೇಲೆ ಬಿಸಿ ಸಾರು ಸೊರ್ ಎಂದು ಎಳೆಯುವ ಸದ್ದು ಮಾತ್ರ. ಸ್ವಲ್ಪ ಹೊತ್ತಾದ ಮೇಲೆ ಮಣಿಯ ದನಿ ಕೇಳಿತು, ಅಂಜಿಕೊಂಡೇ:

"ರೀ... ಇನ್ನೊಂದು ಮುದ್ದೆ ಐತಾ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಆ ಮಾತು ಕೇಳಿದ್ದು ನನಗೆ ನೆನಪಿಲ್ಲ. ಇದ್ದದ್ದು ಒಂದೇ, ನನ್ನದು. ತಂದು ತಟ್ಟೆಗಿಟ್ಟೆ. (ಆ ಮಧ್ಯಾಹ್ನ ನಾನು ಉಂಡದ್ದು ತಳ ಹಿಡಿದ ಸೀಕಲು. ಗಂಟು ಅದರಲ್ಲೂ ಇತ್ತು.)

ಮಾರನೆಯ ದಿನದಿಂದ ಮೂವರೂ ಒಟ್ಟಿಗೆ ಕೂತು, ನಡುವೆ ಪಾತ್ರೆ ಇಟ್ಟುಕೊಂಡು ಉಣ್ಣುತ್ತಿದ್ದೇವೆ. ತಿಂಗಳಿಗೆ ಒಂಬತ್ತೂವರೆಯಾಯಿತು, ದೊಡ್ಡಾಸ್ಪತ್ರೆಯ ಮಾತು ನಿಂತಿತು. ಮೂರು ತಿಂಗಳಿಗೆ ಹನ್ನೊಂದು ಪಾಯಿಂಟ್ ಎಂಟು. ಮಣಿಯ ತುಟಿಗೆ ಬಣ್ಣ ಬಂತು, ಕಾಲಿಗೆ ಬಲ ಬಂತು.

ಜೊತೆಗೆ ಇನ್ನೊಂದು ಬಂತು. ಅದನ್ನು ಸಿಸ್ಟರ್ ಮೊದಲೇ ಹೇಳಬೇಕಿತ್ತು.

ಇಷ್ಟು ವರ್ಷ ನಮ್ಮ ಮನೆಯ ಎಲ್ಲ ಜಗಳದಲ್ಲೂ ಕೊನೆಯ ಮಾತು ನನ್ನದೇ ಆಗಿರುತ್ತಿತ್ತು. ಅದು ನನ್ನ ವಾದದ ಬಲ ಎಂದುಕೊಂಡು ಮೀಸೆ ತಿರುವುತ್ತಿದ್ದೆ. ಈಗ ಗೊತ್ತಾಗಿದೆ, ಅವಳಿಗೆ ದಮ್ಮಿರಲಿಲ್ಲ ಅಷ್ಟೆ. ನಿನ್ನೆ ಒದ್ದೆ ಗೋಣಿಚೀಲವನ್ನು ನಡುಮನೆಯಲ್ಲಿ ಬಿಟ್ಟಿದ್ದೆ. ಮಣಿ ಶುರು ಮಾಡಿದಳು. ಚೀಲದಿಂದ ಚಪ್ಪಲಿಗೆ, ಚಪ್ಪಲಿಯಿಂದ ನನ್ನ ತಂಗಿಯ ಮದುವೆಗೆ, ಅಲ್ಲಿಂದ ನಾನು ಹೆಣ್ಣು ನೋಡಲು ಹೋದ ದಿನ ಹಾಕಿದ್ದ ಅಂಗಿಗೆ ಹೋದಳು. ಎಲ್ಲಿಯೂ ನಿಲ್ಲಲಿಲ್ಲ, ಏದುಸಿರು ಬಿಡಲಿಲ್ಲ, ಗೋಡೆ ಹಿಡಿಯಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಎಂಥ ಬಣ್ಣ ಬಂದಿತ್ತು ಮುಖಕ್ಕೆ!

"ಕೇಳಿಸ್ತಾ?" ಎಂದಳು.

"ಊಂ, ಕೇಳಿಸ್ತು."

"ಏನ್ ಕೇಳಿಸ್ತು? ಹೇಳಿ ಮತ್ತೆ!"

ನನಗೆ ಒಂದು ಮಾತೂ ನೆನಪಾಗಲಿಲ್ಲ. ಮಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಗೋಣಿಚೀಲದಿಂದ ಮತ್ತೆ ಶುರು ಮಾಡಿದಳು.